ಏಳನೆಯ ಬಾವಿ

"ಗುರುಗಳೇ, ಹುಟ್ಟಿದ ಊರಿನ ಚರಿತ್ರೆ ತಿಳಿಯಬೇಕೆಂದು ಆಸೆ. ಪಂಡಿತರನ್ನು ಕೇಳೋಣವೆಂದರೆ ದಕ್ಷಿಣೆ ಇಡಬೇಕು. ನನ್ನ ಕೈಯಲ್ಲಿ ಕಾಸಿಲ್ಲ. ಸುಮ್ಮನೆ ಬೀದಿ ಬೀದಿ ನಡೆದು ತಿಳಿದುಕೊಳ್ಳಬಹುದೇ?" ಎಂದು ಶಿಷ್ಯ ನಾಗಲಿಂಗ ಕೇಳಿದ.

ಗುರುಗಳು ದೀಪದ ಬತ್ತಿ ಹೊಸೆಯುತ್ತ ಕೂತಿದ್ದರು. "ಧಾರಾಳವಾಗಿ," ಎಂದರು. "ಕಾಲಿಗೇನು ಕೂಲಿ ಕೊಡಬೇಕಾಗಿಲ್ಲ. ಆದರೆ ಹೀಗೆಯೇ ಬಿಟ್ಟಿ ನಡೆಯಲು ಹೋದ ಒಬ್ಬ ವ್ಯಾಪಾರಿಯ ಕತೆಯಿದೆ. ಅದನ್ನು ಕೇಳಿಕೊಂಡು ಆಮೇಲೆ ಚಪ್ಪಲಿ ಮೆಟ್ಟು."

ಒಂದು ಕೋಟೆಯೂರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಪೇಟೆಯ ಮೂಲೆಯಲ್ಲಿ ದೊಡ್ಡ ಮನೆ, ಮುಂದೆ ಅಂಗಡಿ, ಎಲ್ಲ ಅಜ್ಜ ಕಟ್ಟಿಸಿದ್ದು. ಕೆಟ್ಟವನಲ್ಲ ಅವನು. ಆದರೆ ಎಂಜಲು ಕೈಯಲ್ಲಿ ಕಾಗೆ ಓಡಿಸದವನು. ಅವನ ಮನೆಯ ಹೊಸ್ತಿಲು ಒಂದೇ ಹಾಸುಗಲ್ಲಿನದು, ಆಳುದ್ದದ ಕಲ್ಲು. ಅದರ ಬಗ್ಗೆ ಅವನಿಗೆ ಬಹಳ ಹೆಮ್ಮೆ. ಯಾಕೆಂದರೆ ಪ್ರತಿವರ್ಷ ಮಹಾಲಯ ಅಮಾವಾಸ್ಯೆಯ ಬೆಳಗ್ಗೆ ಕೆಳಗೇರಿಯ ಹೆಂಗಸರು ಸಾಲಾಗಿ ಬಂದು ಆ ಕಲ್ಲಿನ ಮೇಲೆ ಒಂದೊಂದು ಕೊಡ ನೀರು ಹುಯ್ದು, ಮಾತಾಡದೆ, ತಿರುಗಿ ನೋಡದೆ ಹೋಗುತ್ತಿದ್ದರು. ಅದು ನಮ್ಮ ಮನೆತನಕ್ಕೆ ಅವರು ಮಾಡುವ ಮರ್ಯಾದೆ ಎಂದು ಅಜ್ಜ ಹೇಳಿದ್ದ, ಅಪ್ಪ ನಂಬಿದ್ದ. ವ್ಯಾಪಾರಿ ಆ ಹೆಂಗಸರಿಗೆ ತಲೆಗೊಂದು ಹಿಡಿ ಮಂಡಕ್ಕಿ ಹಾಕಿಸುತ್ತಿದ್ದ. ಸಣ್ಣ ಹಿಡಿ.

ಆ ವರ್ಷ ಊರಿನ ಪಟ್ಟಣಶೆಟ್ಟಿ ತೀರಿಕೊಂಡ. ಪೇಟೆಯ ವ್ಯಾಜ್ಯ ತೀರಿಸುವುದು, ಅರಮನೆಯಲ್ಲಿ ಊರಿನ ಪರವಾಗಿ ಮಾತಾಡುವುದು ಪಟ್ಟಣಶೆಟ್ಟಿಯ ಕೆಲಸ. ವ್ಯಾಪಾರಿಗೆ ಆ ಪಟ್ಟದ ಮೇಲೆ ಎಳೆಯ ವಯಸ್ಸಿನಿಂದ ಕಣ್ಣು. ಅವನ ಅಪ್ಪ ಅದಕ್ಕಾಗಿ ಕಾದು ಕಾದು ಸತ್ತಿದ್ದ. ಊರ ಹಿರಿಯರೂ ಈ ಸಲ ಇವನ ಕಡೆಗೇ ವಾಲಿದ್ದರು. ಆದರೆ ಆ ಊರಲ್ಲಿ ಒಂದು ಕಟ್ಟಳೆ. ಪಟ್ಟಕ್ಕೆ ನಿಂತವನ ಮನೆತನ ಊರಿಗೆ ಏನು ಕೊಟ್ಟಿದೆ ಎಂಬುದನ್ನು ತುಂಬಿದ ಸಭೆಯಲ್ಲಿ ಹೇಳಬೇಕು. ಕೆರೆಯೋ, ಕಟ್ಟೆಯೋ, ಕೊನೆಗೆ ಗುಡಿಗೆ ನಾಲ್ಕು ಮೆಟ್ಟಿಲೋ. ಏನೂ ಕೊಡದವನಿಗೆ ಪಟ್ಟವಿಲ್ಲ. ಸಭೆ ಅಮಾವಾಸ್ಯೆಯ ಮರುದಿನ ಎಂದು ಗೊತ್ತಾಯಿತು.

ಇಂಥದ್ದನ್ನೆಲ್ಲ ಹೇಳುವವನು ಹೆಳವ. ಎತ್ತಿನ ಮೇಲೆ ಕೂತು ಊರೂರು ತಿರುಗುತ್ತ, ಮನೆಮನೆಯ ವಂಶಾವಳಿಯನ್ನು ಬಾಯಲ್ಲೇ ಇಟ್ಟುಕೊಂಡಿರುತ್ತಾನಲ್ಲ, ಅವನು. ಅಮಾವಾಸ್ಯೆಗೆ ಎಂಟು ದಿನ ಇರುವಾಗ ಅವನು ವ್ಯಾಪಾರಿಯ ಬಾಗಿಲಲ್ಲಿ ಎತ್ತು ನಿಲ್ಲಿಸಿದ.

"ಯಜಮಾನ್ರೇ, ನಿಮ್ಮ ಏಳು ತಲೆಮಾರು ನನ್ನ ನಾಲಿಗೆ ಮೇಲಿದೆ. ಸಭೆಯಲ್ಲಿ ಚೆನ್ನಾಗಿ ಹೇಳ್ತೀನಿ. ಈ ಎತ್ತಿಗೆ ವಯಸ್ಸಾಯ್ತು, ಒಂದು ಎತ್ತು ಕೊಡಿಸಿ."

"ಎತ್ತೇ!" ವ್ಯಾಪಾರಿ ಹೌಹಾರಿದ. "ಅಲ್ಲಯ್ಯಾ, ನಾಲ್ಕು ಮಾತಿಗೆ ಎತ್ತು ಕೊಡೋಕೆ ನನಗೇನು ತಲೆ ಕೆಟ್ಟಿದೆಯೇ? ದೇವರು ಎರಡು ಕಾಲು ಕೊಟ್ಟಿದ್ದಾನೆ. ಊರೆಲ್ಲ ನಡೆದು ನಾನೇ ತಿಳ್ಕೋತೀನಿ, ಬಿಟ್ಟಿಯಾಗಿ."

ಹೆಳವ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಹೊಸ್ತಿಲ ಕಲ್ಲನ್ನು ಒಂದು ಸಲ ನೋಡಿ ಎತ್ತನ್ನು ತಿರುಗಿಸಿದ. "ನಡೀರಿ ಯಜಮಾನ್ರೇ, ನಡೀರಿ. ಆದರೆ ಒಂದು ಮಾತು. ಎಲ್ಲಿಗೆ ನಿಲ್ಲಿಸಬೇಕು ಅನ್ನೋದು ಹೆಳವನ ನಾಲಿಗೆಗೆ ಗೊತ್ತಿರುತ್ತೆ. ಕಾಲಿಗೆ ಗೊತ್ತಿರೋಲ್ಲ."

ವ್ಯಾಪಾರಿ ಹೆಂಡತಿಯ ಮುಂದೆ ಹೆಳವನನ್ನು ಆಡಿಕೊಂಡು ನಕ್ಕ. ಆದರೆ ಹೆಳವ ಹೊಸ್ತಿಲನ್ನು ಯಾಕೆ ನೋಡಿದ? ಮಧ್ಯಾಹ್ನ ಊಟಕ್ಕೆ ಕೂತಾಗಲೂ ಅದೇ ಯೋಚನೆ.

ಮರುದಿನ ಮೊಸರನ್ನದ ಗಂಟು ಕಟ್ಟಿಕೊಂಡು ಹೊರಟ. ಬಾಯಾರಿದರೆ ಅರವಟಿಗೆಯ ನೀರು. ಹಿರಿಯರನ್ನು ಮಾತಿಗೆಳೆಯಲು ಎಲೆ ಅಡಿಕೆ, ಅದೂ ಅರ್ಧ ಎಲೆ. ಕೋಟೆ ಬಾಗಿಲಿನ ಮುದಿ ಕಾವಲುಗಾರ ಆ ಅರ್ಧ ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿ ಬಾಯಿಗೆ ಹಾಕಿಕೊಂಡು ಹೇಳಿದ: "ಕೋಟೆಯೊಳಗೆ ಏಳು ಬೀದಿ, ಬೀದಿಗೊಂದು ಬಾವಿ. ಒಂದೊಂದು ಬಾವಿಯ ಹತ್ತಿರವೂ ತೋಡಿಸಿದವರ ಕಲ್ಲು ನೆಟ್ಟಿದ್ದಾರೆ ಅಂತ ನಮ್ಮಪ್ಪ ಹೇಳ್ತಿದ್ದ. ಹೋಗಿ ನೋಡಿ, ಯಾರು ಬೇಡ ಅಂತಾರೆ?"

ಮೂರು ದಿನ ನಡೆದು ವ್ಯಾಪಾರಿ ಆರು ಬಾವಿ ನೋಡಿದ. ಒಂದನ್ನು ಗಾಣಿಗರು ತೋಡಿಸಿದ್ದು, ಇನ್ನೊಂದನ್ನು ಮಗನನ್ನು ಕಾಳಗದಲ್ಲಿ ಕಳೆದುಕೊಂಡ ತಾಯಿ. ಆರೂ ಕಲ್ಲುಗಳಲ್ಲಿ ಮೇಲೆ ಸೂರ್ಯಚಂದ್ರ, ನಡುವೆ ಕೊಟ್ಟವರ ಹೆಸರು, ಕೆಳಗೆ ಶಾಪ. ಈ ನೀರಿಗೆ ಅಡ್ಡಿ ಮಾಡಿದವನು ಕಾಶಿಯಲ್ಲಿ ಹಸು ಕೊಂದ ಪಾಪಕ್ಕೆ ಹೋಗಲಿ ಎಂದು ಒಂದು. ಅವನ ಬಾಯಿಗೆ ಕೊನೆಗಾಲದಲ್ಲಿ ನೀರು ಇಳಿಯದಿರಲಿ ಎಂದು ಇನ್ನೊಂದು. ಊರಲ್ಲಿ ಹುಟ್ಟಿ ಐವತ್ತು ವರ್ಷವಾದರೂ ಇವನ್ನೆಲ್ಲ ಅವನು ನಿಂತು ಓದಿರಲಿಲ್ಲ. ಅವನ ಅಪ್ಪ ಸಾಯುವಾಗ ಬಾಯಿಗೆ ಬಿಟ್ಟ ನೀರು ಕಟವಾಯಿಂದ ಹೊರಗೆ ಹರಿದು ಹೋಗಿತ್ತು. ಎಲ್ಲರಿಗೂ ಹಾಗೆಯೇ ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಏಳನೆಯ ಬಾವಿ ಮಾತ್ರ ಸಿಗಲಿಲ್ಲ. ಸಿಗಲಿಲ್ಲವೆಂದು ಅವನಿಗೆ ಬೇಸರವಾಯಿತೇ? ಖುಷಿಯಾಯಿತು! ನೋಡು ನಾಗಲಿಂಗ, ಮನುಷ್ಯನ ಬುದ್ಧಿ ಹೇಗೆ ಓಡುತ್ತದೆ. ಹಾಳು ಬಿದ್ದ ಬಾವಿ, ತೋಡಿಸಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಎಲ್ಲಿದೆ ಎಂದು ಪತ್ತೆಯಾದರೆ ಸಾಕು, ಅಜ್ಜ ತೋಡಿಸಿದ್ದು ಎಂದು ಸಭೆಯಲ್ಲಿ ಹೇಳಿಬಿಡಬಹುದು. ಕೇಳುವವರು ಯಾರು?

ನಾಲ್ಕನೆಯ ದಿನ ಕುಂಬಾರರ ಹಿತ್ತಲಲ್ಲಿ ಒಂದು ಕಲ್ಲು ಕಂಡಿತು. ದನಕ್ಕೆ ಮೇವು ಹಾಕಲು ಇಟ್ಟುಕೊಂಡಿದ್ದರು. ಅದರ ಅಂಚಿನಲ್ಲಿ ಬೆರಳು ಮುಳುಗುವಷ್ಟು ಆಳದ ಗೀರುಗಳು. ಹಗ್ಗ ಉಜ್ಜಿ ಉಜ್ಜಿ ಆದ ಗೀರು. ಬಾವಿಯ ಕಟ್ಟೆಗಲ್ಲಲ್ಲದೆ ಬೇರೇನೂ ಅಲ್ಲ. ಎಲ್ಲಿಂದ ತಂದಿರಿ ಎಂದು ಕೇಳಿದ. "ನಮ್ಮಜ್ಜನ ಕಾಲದ್ದು. ಹಗ್ಗದ ಓಣಿಯಿಂದ ತಂದದ್ದಂತೆ," ಎಂದರು.

ಹಗ್ಗದ ಓಣಿ ಅವನ ಮನೆಯ ಪಕ್ಕದ್ದೇ. ಹಿಂದೆ ಯಾರೋ ಅಲ್ಲಿ ಹಗ್ಗ ಮಾರುತ್ತಿದ್ದರೇನೋ ಎಂದು ಅವನು ಅಂದುಕೊಂಡಿದ್ದ. ಈಗ ಓಣಿಯ ಆ ತುದಿಯಲ್ಲಿ ನಿಂತು ಮೊದಲ ಸಲ ನೆಲ ನೋಡಿದ. ಓಣಿಗೆ ಹಾಸಿದ ಕಲ್ಲುಗಳು ನಡುವೆ ಸವೆದು ನುಣುಪಾಗಿದ್ದವು. ಸವೆದ ಜಾಡು ಕೆಳಗೇರಿಯ ಕಡೆಯಿಂದ ನೆಟ್ಟಗೆ ಬರುತ್ತಿತ್ತು. ಅದರ ಮೇಲೆಯೇ ಒಂದೊಂದೇ ಹೆಜ್ಜೆ ಇಡುತ್ತ ಬಂದ. ಜಾಡು ಬಂದು ಅವನ ಮನೆಯ ಗೋಡೆಗೆ ಮುಟ್ಟಿತು. ಮುಟ್ಟಿ ನಿಲ್ಲಲಿಲ್ಲ. ಗೋಡೆಯ ಅಡಿಗೆ ಹೋಗಿತ್ತು.

ಅವನು ಗೋಡೆಯ ಬುಡವನ್ನು ಬಗ್ಗಿ ನೋಡಿದ.

ಗೋಡೆಯ ಆಚೆ ಅವನ ಮನೆಯ ಉಗ್ರಾಣ. ಎಂಥ ಬೇಸಿಗೆಯಲ್ಲೂ ಅಲ್ಲಿಟ್ಟ ಬೆಣ್ಣೆ ಕರಗುತ್ತಿರಲಿಲ್ಲ. ಆ ಕೋಣೆಯಲ್ಲಿ ಒನಕೆ ಎತ್ತಕೂಡದು, ಲಕ್ಷ್ಮಿ ಮಲಗಿದ್ದಾಳೆ ಎಂದು ಅಜ್ಜನ ಕಟ್ಟಪ್ಪಣೆ. ಅರವತ್ತು ವರ್ಷದಿಂದ ಆ ಮನೆಯವರು ಹಿತ್ತಲಲ್ಲೇ ಭತ್ತ ಕುಟ್ಟುತ್ತಿದ್ದರು. ವ್ಯಾಪಾರಿ ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿ, ಒನಕೆ ತೆಗೆದುಕೊಂಡು ನೆಲಕ್ಕೆ ಒಂದೇ ಒಂದು ಸಲ ಕುಟ್ಟಿದ. ನೆಲ ಗುಂಯ್ ಎಂದಿತು. ಸದ್ದು ಕೆಳಗೆ, ಬಹಳ ಕೆಳಗೆ ಹೋಗಿ ತಿರುಗಿ ಬಂತು.

"ಅಯ್ಯೋ, ಏನ್ರೀ ಇದು! ಅಜ್ಜನೋರ ಮಾತು ಮೀರಿದಿರಾ?" ಎಂದು ಹೆಂಡತಿ ಓಡಿ ಬಂದಳು. ಅವನು ಒನಕೆ ಕೆಳಗೆ ಹಾಕಿ ಗೋಡೆ ಹಿಡಿದುಕೊಂಡ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು ಎಂದು ನೀನು ನಗಬಹುದು. ಅವನಿಗೆ ನಗು ಬರಲಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಎರಡು ದಿನ ತಡೆದು ನೋಡಿದ, ಕಾಲು ಕೇಳಲಿಲ್ಲ. ಬೀದಿಯ ತೊಂಬತ್ತು ವರ್ಷದ ಮುದುಕನ ಜಗುಲಿಗೆ ಹೋಗಿ ಕೂತ. ಮುದುಕನಿಗೆ ಈ ಸಲ ಇಡೀ ಎಲೆ ಕೊಟ್ಟ.

"ಓ, ಆ ಬಾವಿಯೇ? ಅದರಲ್ಲಿ ಭೂತ ಇತ್ತಪ್ಪಾ," ಎಂದ ಮುದುಕ. "ನಿಮ್ಮಜ್ಜ ಕಣ್ಣಾರೆ ಕಂಡ. ಊರಿಗೆ ಕೇಡಾಗಬಾರದು ಅಂತ ತಾನೇ ಮುಂದೆ ನಿಂತು ಮುಚ್ಚಿಸಿದ. ಮೇಲೆ ಯಾರೂ ಸುಳಿಯಬಾರದು ಅಂತ ಮನೆಯನ್ನೂ ಕಟ್ಟಿದ. ಪುಣ್ಯಾತ್ಮ! ಬೇಕಾದರೆ ಕೆಳಗೇರಿಯವರನ್ನು ಕೇಳು. ಅಲ್ಲಿ ನೀರು ಸೇದುತ್ತಿದ್ದವರು ಅವರು ಮಾತ್ರ."

ವ್ಯಾಪಾರಿಗೆ ಹೋದ ಜೀವ ಬಂದಂತಾಯಿತು. ಅಜ್ಜ ಊರನ್ನು ಭೂತದಿಂದ ಉಳಿಸಿದವನು! ಬಾವಿ ತೋಡಿಸಿದ್ದಕ್ಕಿಂತ ಇದೇ ದೊಡ್ಡ ಮಾತು. ಇನ್ನು ಕೆಳಗೇರಿಯಿಂದ ಒಬ್ಬ ಸಾಕ್ಷಿ ಸಿಕ್ಕರೆ ಪಟ್ಟ ಕೈಗೆ ಬಂದ ಹಾಗೆಯೇ. ಅಮಾವಾಸ್ಯೆಗೆ ಎರಡು ದಿನ ಇತ್ತು.

ಜನ್ಮದಲ್ಲಿ ಮೊದಲ ಸಲ ಅವನು ಕೆಳಗೇರಿಗೆ ಕಾಲಿಟ್ಟ. ಅವನನ್ನು ಕಂಡು ಜನ ಹೆದರಿದರು. ಹೆಂಗಸರು ಕೊಡಗಳನ್ನು ಒಳಗೆ ಇಟ್ಟುಕೊಂಡರು, ಗಂಡಸರು ಎದ್ದು ನಿಂತರು. ಬೇವಿನ ಮರದ ಕೆಳಗೆ ಕೂತಿದ್ದ ಒಬ್ಬ ಮುದುಕಿ ಮಾತ್ರ ಏಳಲಿಲ್ಲ. ವ್ಯಾಪಾರಿ ಭೂತದ ಮಾತು ತೆಗೆದ.

"ಭೂತವೇ?" ಎಂದಳು ಮುದುಕಿ. "ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ ಸ್ವಾಮಿ? ನಾನು ಮದುವೆಯಾಗಿ ಬಂದು ಮೊದಲು ಕೊಡ ಇಳಿಸಿದ್ದೇ ಆ ಬಾವೀಲಿ. ಮುಚ್ಚೋ ಹಿಂದಿನ ಸಂಜೆವರೆಗೂ ಸೇದಿದೆವು. ನಮಗೆ ಯಾರಿಗೂ ಕಾಣದ ಭೂತ ನಿಮ್ಮಜ್ಜನೋರ ಕಣ್ಣಿಗೆ ಮಾತ್ರ ಕಂಡಿತು. ಪೇಟೆ ಮೂಲೆಯ ಜಾಗ ನೋಡಿ, ಅದಕ್ಕೆ ಕಂಡಿತು."

ಮುದುಕಿ ತಾನೇ ಮುಂದುವರಿಸಿದಳು. ಕೆಳಗೇರಿಯಲ್ಲಿ ದ್ಯಾವಕ್ಕ ಎಂಬ ಸೂಲಗಿತ್ತಿ ಇದ್ದಳು. ಏಳು ಬೀದಿಯ ಬಾಣಂತಿಯರನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಹೆರಿಗೆಗೆ ಅವಳ ಕೈ ಬೇಕಿತ್ತು. ಆದರೆ ಆರು ಬಾವಿಗಳ ಹತ್ತಿರ ಅವಳು ಹೋಗುವಂತಿರಲಿಲ್ಲ. ಮನೆಮನೆಯವರು ಕೊಟ್ಟದ್ದನ್ನು ಕೂಡಿಟ್ಟು ಅವಳು ಏಳನೆಯದನ್ನು ತೋಡಿಸಿದಳು. "ನಿಮ್ಮಜ್ಜನೋರ ಹೊಕ್ಕುಳಬಳ್ಳಿ ಕೊಯ್ದವಳೂ ಅವಳೇ," ಎಂದಳು ಮುದುಕಿ.

"ಹಾಗಾದರೆ, ಅಮಾವಾಸ್ಯೆ ದಿನ ನೀವೆಲ್ಲ ನಮ್ಮ ಹೊಸ್ತಿಲಿಗೆ ನೀರು ಹುಯ್ಯೋದು?" ವ್ಯಾಪಾರಿ ಕೇಳಿದ.

"ಸತ್ತವರಿಗೆ ನೀರು ಬಿಡೋ ದಿನ ಅಲ್ಲವೇ? ನಮ್ಮ ಬಾವಿಗೆ ಬಿಡ್ತೀವಿ. ದ್ಯಾವಕ್ಕನ ಕಲ್ಲು ನಿಮ್ಮ ಬಾಗಿಲಲ್ಲಿ ಬೋರಲು ಮಲಗಿದೆಯಲ್ಲ."

ಅರವತ್ತು ವರ್ಷ ತಾವು ಮರ್ಯಾದೆ ಎಂದುಕೊಂಡದ್ದು ಇದು! ಅದಕ್ಕೆ ತಾನು ಮಂಡಕ್ಕಿ ಹಂಚಿದ್ದ. ಏನಾದರೂ ಹೇಳಬೇಕೆಂದು, "ಈಗ ಹೊಳೆ ನೀರು ತರ್ತೀರಲ್ಲ, ಅದೂ ಬಿಟ್ಟಿಯೇ ತಾನೇ?" ಎಂದುಬಿಟ್ಟ.

"ನೀರು ಬಿಟ್ಟಿ ಸ್ವಾಮಿ," ಎಂದಳು ಮುದುಕಿ, ಬಾತ ಪಾದಗಳನ್ನು ಮುಂದೆ ಚಾಚಿ. "ನಡಿಗೆ ಬಿಟ್ಟಿಯಲ್ಲ."

"ಆ ಕಲ್ಲಿನ ಮೇಲೆ ಏನು ಬರೆದಿದೆ?"

"ನಮಗೆಲ್ಲಿ ಓದೋಕೆ ಬರುತ್ತೆ?"

ವ್ಯಾಪಾರಿ ಬಂದ ದಾರಿಯಲ್ಲೇ ಹಿಂತಿರುಗಿದ. ಆರು ಕಲ್ಲಿನ ಆರು ಶಾಪ ಅವನಿಗೆ ಬಾಯಿಪಾಠವಾಗಿತ್ತು. ಏಳನೆಯದು ಏನಿರಬಹುದು? ಮುಚ್ಚಿದವನ ವಂಶಕ್ಕೆಂದು ಏನು ಕೆತ್ತಿಸಿರಬಹುದು? ಅಜ್ಜ ಸತ್ತದ್ದು ಊಟಕ್ಕೆ ಕೂತಲ್ಲೇ, ಕೈ ಚಾಚಿದ ನೀರಿನ ತಂಬಿಗೆ ಬಾಯಿಗೆ ಬರುವ ಮೊದಲು. ಅಪ್ಪನದ್ದು ನೆನಪಿತ್ತು. ಮುಂದಿನ ಸರದಿ ತನ್ನದು, ಆಮೇಲೆ ಮಗನದು. ಮನೆಯ ಬಾಗಿಲಿಗೆ ಬಂದಾಗ ಹೊಸ್ತಿಲು ಮೆಟ್ಟಲು ಕಾಲು ಬರಲಿಲ್ಲ. ಹೆಂಡತಿ ದಿನಾ ಅರಿಸಿನ ಬಳಿದು, ಕುಂಕುಮ ಇಟ್ಟು, ಕೈ ಮುಗಿಯುವ ಹೊಸ್ತಿಲು ಅದು. ಐವತ್ತರ ಗಂಡಸು ಕುಪ್ಪಳಿಸಿ ಒಳಗೆ ಹೋದ. ಹೆಂಡತಿ ಬೆಪ್ಪಾಗಿ ನೋಡಿದಳು.

ಮರುದಿನ ಅವನು ಕೊಟ್ಟಿಗೆಯ ಒಳ್ಳೆಯ ಎತ್ತನ್ನೇ ಹೊಡೆದುಕೊಂಡು ಹೆಳವ ಇಳಿದಿದ್ದ ಚಾವಡಿಗೆ ಹೋದ. "ತಗೋ ಮಾರಾಯ. ಸಭೆಯಲ್ಲಿ ಅಜ್ಜ ಭೂತದ ಬಾವಿ ಮುಚ್ಚಿದ ಅನ್ನೋವರೆಗೆ ಹೇಳು. ಅಲ್ಲಿಗೆ ನಿಲ್ಲಿಸು."

ಹೆಳವ ಎತ್ತಿನ ಬೆನ್ನು ಸವರಿದ. ಅವನಿಗೆ ಅದು ತುಂಬ ಹಿಡಿಸಿತ್ತು ಎಂಬುದು ಕಾಣುತ್ತಿತ್ತು. ಆದರೂ ಹಗ್ಗವನ್ನು ವ್ಯಾಪಾರಿಯ ಕೈಗೇ ಕೊಟ್ಟ. "ತಿಳಿಯದವನ ಮುಂದೆ ನಾಲ್ಕು ಮಾತು ಬಿಟ್ಟು ಹೇಳಬಹುದು ಯಜಮಾನ್ರೇ, ಅದು ದಾಕ್ಷಿಣ್ಯ. ತಿಳಿದವನ ಮುಂದೆ ಬಿಟ್ಟು ಹೇಳಿದರೆ ಅದು ಸುಳ್ಳು. ಸುಳ್ಳಿಗೆ ನಮ್ಮ ಕುಲದಲ್ಲಿ ಎತ್ತು ಇಸಕೊಳ್ಳೋಲ್ಲ. ನೀವು ಎಂಟು ದಿನ ಮುಂಚೆ ಕೊಟ್ಟಿದ್ದರೆ ಚೆನ್ನಾಗಿತ್ತು."

ಅಮಾವಾಸ್ಯೆಯ ಬೆಳಗಾಯಿತು. ಕೆಳಗೇರಿಯ ಹೆಂಗಸರು ಹಗ್ಗದ ಓಣಿಯಲ್ಲಿ ಸಾಲಾಗಿ ಬಂದರು. ಮುಂದೆ ಆ ಮುದುಕಿ. ವ್ಯಾಪಾರಿ ಬಾಗಿಲ ಒಳಗೆ ನಿಂತಿದ್ದ. ಸುಮ್ಮನಿದ್ದರೆ ಆಯಿತು. ನೀರು ಹುಯ್ಯುತ್ತಾರೆ, ಹೋಗುತ್ತಾರೆ, ನಾಳೆ ಭೂತದ ಕತೆಯನ್ನು ತಾನೇ ಹೇಳಿದರೆ ಪಟ್ಟ ಸಿಗುತ್ತದೆ. ಕಲ್ಲಿನ ಅಡಿಯಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಆದರೆ ಆ ನೀರು ಇನ್ನೊಂದು ವರ್ಷ ತನ್ನ ಬಾಗಿಲಿಗೆ ಬೀಳುವುದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ಮುದುಕಿ ಕೊಡ ಎತ್ತಿದಳು.

"ಹುಯ್ಯಬೇಡಿ," ಎಂದ.

ಹೆಂಗಸರು ಹಾಗೆಯೇ ನಿಂತರು. ಅವನು ಹಾರೆ ತಂದ. "ಅಮಾವಾಸ್ಯೆ ದಿನ ಹೊಸ್ತಿಲು ಕೀಳ್ತೀರಾ? ಮನೆ ಹಾಳಾಗುತ್ತೆ ರೀ!" ಎಂದು ಹೆಂಡತಿ ಕೈ ಹಿಡಿದು ಅತ್ತಳು. ಅವನು ಕೈ ಬಿಡಿಸಿಕೊಂಡ. ಹಾರೆ ಎರಡು ಸಲ ಜಾರಿತು. ಮೂರನೆಯ ಸಲ ಕಲ್ಲು ಅಲುಗಿತು. ಆಚೆಯಿಂದ ಹೆಂಗಸರೂ ಕೈ ಹಾಕಿದರು. ಕಲ್ಲು ಮಗುಚಿ ಬಿತ್ತು.

ಮಣ್ಣು ಒರೆಸಿದಾಗ ಸೂರ್ಯಚಂದ್ರ ಕಂಡವು. ಬೋರಲಾಗಿದ್ದ ಅಕ್ಷರ ಒಂದೂ ಸವೆದಿರಲಿಲ್ಲ. ವ್ಯಾಪಾರಿ ಕಣ್ಣು ಮುಚ್ಚಿ, ಮತ್ತೆ ತೆರೆದು, ಶಾಪ ಎಲ್ಲಿದೆಯೆಂದು ಹುಡುಕಿದ. ಮೇಲಿಂದ ಕೆಳಗೆ ಹುಡುಕಿದ. ಇರಲಿಲ್ಲ. ಇದ್ದದ್ದು ಒಂದೇ ಸಾಲು: "ನಡೆದು ದಣಿದು ಬಂದವರೆಲ್ಲ ಕುಡಿಯಲಿ. ಸೂಲಗಿತ್ತಿ ದ್ಯಾವಕ್ಕ."

ಆಗ ಅವನಿಗೆ ಆದ ಭಯ ಅದುವರೆಗೆ ಆಗಿರಲಿಲ್ಲ. ಶಾಪವಿದ್ದಿದ್ದರೆ ಶಾಂತಿ ಮಾಡಿಸಬಹುದಿತ್ತು. ಪುರೋಹಿತರಿಗೆ ಹೇಳಿ, ದಾನ ಕೊಟ್ಟು ಕಳೆದುಕೊಳ್ಳಬಹುದಿತ್ತು. ಯಾರನ್ನೂ ಬೈಯದ ಈ ಕಲ್ಲಿಗೆ ಏನು ಮಾಡಿಸುವುದು? ಅವನು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತ. ಗಟ್ಟಿಯಾಗಿ ಓದಿ ಎಂದು ಮುದುಕಿ ಹೇಳಿದಳು. ಓದಿದ. ಅವಳು ಕೇಳಿಕೊಂಡು, ಎತ್ತಿದ್ದ ಕೊಡವನ್ನು ಕೆಳಗಿಟ್ಟಳು.

ಮರುದಿನ ಸಭೆ ಸೇರಿತು. ವ್ಯಾಪಾರಿ ಎದ್ದು ನಿಂತ. "ನಮ್ಮ ಮನೆತನ ಈ ಊರಿಗೆ ಏನೂ ಕೊಟ್ಟಿಲ್ಲ. ಒಂದು ಬಾವಿ ಕಿತ್ತುಕೊಂಡಿದೆ. ಅದನ್ನು ತೋಡಿಸಿ ಬಿಟ್ಟುಕೊಡ್ತೀನಿ," ಎಂದು ಹೇಳಿ ಕೂತ. ಸಭೆಯಲ್ಲಿ ಯಾರೂ ಭೇಷ್ ಎನ್ನಲಿಲ್ಲ. ಊರ ಹಿರಿಯರು ಮುಖ ತಿರುಗಿಸಿದರು. ಪಟ್ಟ ಇನ್ನೊಬ್ಬನಿಗೆ ಹೋಯಿತು. ವ್ಯಾಪಾರಿ ಉಗ್ರಾಣ ಕೆಡವಿ ಬಾವಿ ತೋಡಿಸಿದ. ಒಂದು ತಿಂಗಳಿಗೆ ನೀರು ಬಂತು. ಮನೆ ಅರ್ಧವಾಯಿತು. ಮೊದಲ ಕೊಡ ಸೇದಿದ ಮುದುಕಿ ಬೊಗಸೆ ನೀರು ಕೊಟ್ಟಾಗ ಅವನು ಹೆದರುತ್ತಲೇ ಬಾಯಿಗೆ ಬಿಟ್ಟುಕೊಂಡ. ಇಳಿಯಿತು.

ಗುರುಗಳು ಕತೆ ಮುಗಿಸಿ ಮತ್ತೆ ಬತ್ತಿ ಹೊಸೆಯತೊಡಗಿದರು. ನಾಗಲಿಂಗನಿಗೆ ಸಮಾಧಾನವಾಗಿತ್ತು. ಎದ್ದು ಚಪ್ಪಲಿ ಮೆಟ್ಟುತ್ತ, "ಪಾಪ, ಅವನದು ದೊಡ್ಡ ಮನೆತನದ ಪಾಡು ಗುರುಗಳೇ. ನಮ್ಮದು ಸಣ್ಣ ಮನೆ. ನಾನು ನಾಳೆಯೇ ಕೋಟೆ ಬಾಗಿಲಿಂದ ನಡೆಯೋಕೆ ಶುರು ಮಾಡ್ತೀನಿ," ಎಂದ.

"ಕೋಟೆ ಬಾಗಿಲಿಂದ ಯಾಕಪ್ಪಾ, ನಿನ್ನ ಮನೆಯ ಹೊಸ್ತಿಲು ಮಗುಚಿ ನೋಡಿ ಅಲ್ಲಿಂದಲೇ ಹೊರಡು," ಎಂದರು ಗುರುಗಳು.

ನಾಗಲಿಂಗ ಚಪ್ಪಲಿ ಬಿಟ್ಟು ಮತ್ತೆ ಬಂದು ಕೂತ.